ಕರೆವ್ವ ಬೇಡಿಕೊಂಡದ್ದು

ನಮ್ಮ ದೊಡ್ಡವ್ವನಿಗೆ ಎರಡು ಹೆಸರಿದ್ದವು. ಕುಲಗೋಡದ ನಮ್ಮ ಕೇರಿಯಲ್ಲಿ ಕರೆವ್ವ, ಮೂಡಲಗಿಯ ಪ್ರಾರ್ಥನಾ ಮನೆಯಲ್ಲಿ ರಾಹೇಲವ್ವ. ಜಗಳಕ್ಕೆ ನಿಂತಾಗ ಮಾತ್ರ ಕರೆವ್ವನೇ ಹೊರಗೆ ಬರುತ್ತಿದ್ದಳು; ರಾಹೇಲವ್ವನಿಗೆ ಅಂಥ ಬೈಗುಳ ಬರುತ್ತಿರಲಿಲ್ಲ. ಆಕೆಯ ತಂಗಿ, ಅಂದರೆ ನಮ್ಮವ್ವ, ದೇವರನ್ನು ಬದಲಿಸಲಿಲ್ಲ. "ಇದ್ದ ದೇವರ ನಮ್ಮ ಮಾತ ಕೇಳವಲ್ದು, ಹೊಸಾದು ಕೇಳತೈತೇನು?" ಎನ್ನುತ್ತಿದ್ದಳು. ಇವರಿಬ್ಬರ ನಡುವೆ ಬೆಳೆದ ನಾನು ಯಾವ ದೇವರ ಪರವಾಗಿಯೂ ವಕೀಲಿ ಮಾಡುವವಳಲ್ಲ.

ದೊಡ್ಡವ್ವ ಕ್ರಿಸ್ತನ ಹಿಂದೆ ಹೋದದ್ದು ಹಾಲಿನ ಪುಡಿಗೂ ಅಲ್ಲ, ಹಳೆ ಬಟ್ಟೆಗೂ ಅಲ್ಲ. ಹಾಗೆ ಆಡಿಕೊಂಡವರ ಬಾಯಿಗೆ ಹುಳ ಬೀಳಲಿ. ಆಕೆ ಹೋದದ್ದು ಮಗಳಿಗಾಗಿ. ಗಂಡ ಕೇದಾರಿಯ ಮನೆತನದಲ್ಲಿ ತಲೆಮಾರಿಗೊಬ್ಬ ಹುಡುಗಿಯನ್ನು ಗುಡ್ಡದ ಎಲ್ಲವ್ವನಿಗೆ ಬಿಡುವ ಪದ್ಧತಿಯಿತ್ತು. ಕೊರಳಿಗೆ ಮುತ್ತು ಕಟ್ಟಿದ ಮೇಲೆ ಆ ಹುಡುಗಿಗೆ ಮದುವೆಯಿಲ್ಲ. ಊರಿನ ಉಳ್ಳವರಲ್ಲಿ ಯಾರು ಕರೆದರೂ ಹೋಗಬೇಕು. ಕೇದಾರಿಯ ಅಕ್ಕ ಯಮನವ್ವ ಹಾಗೆ ಹೋದವಳು. ಮೈತುಂಬ ರೋಗ ಹೊತ್ತು ತಿರುಗಿ ಬಂದು, ದೊಡ್ಡವ್ವನ ತೊಡೆಯ ಮೇಲೆಯೇ ಸತ್ತಳು. ಆಗ ದೊಡ್ಡವ್ವ ತುಂಬಿದ ಬಸುರಿ.

ಹೆಣ್ಣು ಹುಟ್ಟಿತು. ಅತ್ತೆ ಉದ್ದವ್ವನ ಕೊರಳಲ್ಲೂ ಮುತ್ತಿತ್ತು. ತೊಟ್ಟಿಲನ್ನು ಹಣಿಕಿ ನೋಡಿ, "ತಾಯಿ ಪಾಲು ಬಂತು" ಎಂದಳಂತೆ. ಬಾಣಂತನ ಮುಗಿಯುವುದನ್ನೂ ಕಾಯದೆ ದೊಡ್ಡವ್ವ ಗಂಡನನ್ನು ಎಳೆದುಕೊಂಡು ಮೂಡಲಗಿಗೆ ಹೋಗಿ ಪಾದ್ರಿಯ ಮುಂದೆ ಕೂತಳು. ಕೂಸಿಗೆ ಎಸ್ತೇರ ಎಂದು ಹೆಸರಾಯಿತು. ಯೇಸುಸ್ವಾಮಿಯ ಮನೆ ಸೇರಿದ ಮಗುವಿನ ಮೇಲೆ ಎಲ್ಲವ್ವನ ಹಕ್ಕು ನಡೆಯುವುದಿಲ್ಲ. ದೊಡ್ಡವ್ವನ ಧರ್ಮ ಅಷ್ಟೇ. ಉಳಿದ ಉಪದೇಶದ ಹೊತ್ತಿನಲ್ಲಿ ಆಕೆ ತೂಕಡಿಸುತ್ತಿದ್ದಳು.

ಐವತ್ತೆರಡನೇ ಇಸವಿಯಲ್ಲಿ ಎಸ್ತೇರಳಿಗೆ ಮುದ್ದತಿನ ಜ್ವರ, ಅಂದರೆ ಟೈಫಾಯ್ಡ್, ಬಂತು. ಹುಡುಗಿಗೆ ಆಗ ಹತ್ತು ವರ್ಷ. ಗೋಕಾಕದ ಡಾಕ್ಟರರು ಗುಳಿಗೆ ಕೊಟ್ಟು, "ಗಂಜಿ ಬಿಟ್ಟ ಮತ್ತೇನೂ ಹಾಕಬ್ಯಾಡ್ರಿ. ಹುಡುಗೀನ ಅಲಗಾಡಸಬ್ಯಾಡ್ರಿ" ಎಂದರು. ಅಲುಗಾಡಿಸಬಾರದು ಎಂದರೆ ಬಾಚಣಿಗೆಯನ್ನೂ ಮುಟ್ಟಿಸಬಾರದು ಎಂದು ದೊಡ್ಡವ್ವ ತಿಳಿದಳು. ಎಣ್ಣೆ ನೀರು ಕಾಣದೆ, ಬೆವರಿನಲ್ಲಿ ನೆನೆದು, ಕೌದಿಗೆ ತಿಕ್ಕಿ ತಿಕ್ಕಿ ಹುಡುಗಿಯ ಕೂದಲು ಗಂಟುಗಟ್ಟುತ್ತಾ ಹೋಯಿತು. ಒಂದು ಮುಂಜಾನೆ ಗಂಜಿ ಕುಡಿಸಲು ತಲೆ ಎತ್ತಿದರೆ ಹಗ್ಗದಂಥ ಜಡೆ ಕೈಗೆ ಸಿಕ್ಕಿತು.

ನಮ್ಮ ಕಡೆ ಬಿಡಿಸಲಾಗದ ಜಡೆ ಮೂಡಿದರೆ ಅದು ಎಲ್ಲವ್ವನ ಕರೆ. ಅದನ್ನು ಬಾಚುವಂತಿಲ್ಲ, ಕತ್ತರಿಸುವಂತಿಲ್ಲ. ಕತ್ತರಿಸಿದರೆ ರಕ್ತ ಹೋಗಿ ಸಾವು ಎನ್ನುತ್ತಾರೆ. ಉದ್ದವ್ವ ಸೊಸೆಯ ಕೈಯಲ್ಲಿದ್ದ ಜಡೆಯನ್ನು ನೋಡಿದಳು.

"ನೀ ದೇವರ ಬದಲ ಮಾಡಿದಿ. ಆಕಿ ಮನೀ ಗುರ್ತ ಹಿಡದ ಬಂದಾಳ ನೋಡು" ಎಂದಳು.

ಊರ ಬಾಯಿಗೆ ಬೀಗವಿಲ್ಲ. ಮಧ್ಯಾಹ್ನದೊಳಗೆ ಕೇರಿಯ ಹೆಂಗಸರೆಲ್ಲ ಅರಿಶಿನದ ಭಂಡಾರ ಹಿಡಿದು ಬಂದು, ಹಾಸಿಗೆ ಹಿಡಿದ ಹುಡುಗಿಯ ಕಾಲಿಗೆ ಬಿದ್ದು ಬಿದ್ದು ಹೋದರು. ತನ್ನ ಕಾಲಿಗೆ ಇವರೆಲ್ಲ ಯಾಕೆ ಬೀಳುತ್ತಾರೆಂದು ತಿಳಿಯದೆ ಎಸ್ತೇರ ಕಣ್ಣು ಕಣ್ಣು ಬಿಡುತ್ತಿದ್ದಳಂತೆ.

ದೊಡ್ಡವ್ವ ಮೂಡಲಗಿಗೆ ಹೇಳಿ ಕಳಿಸಿದಳು. ಪಾದ್ರಿ ಸೈಕಲ್ ತುಳಿದು ಬಂದರು, ಮೊಣಕಾಲೂರಿ ಪ್ರಾರ್ಥನೆ ಮಾಡಿದರು, ಎದ್ದು ನಿಂತರು. "ಬರೇ ಕೂದಲವ್ವಾ ಇದು. ಕತ್ತರಸಿ ಒಗದಬಿಡು" ಎಂದರು. ದೊಡ್ಡವ್ವ ಕತ್ತರಿಯನ್ನು ಅವರ ಮುಂದೆಯೇ ಹಿಡಿದಳು. ಪಾದ್ರಿ ಕೈ ಹಿಂದಕ್ಕೆ ತಗೊಂಡರು. ಅವರೂ ಇಂಥದೇ ಒಂದು ಕೇರಿಯಲ್ಲಿ ಹುಟ್ಟಿದವರು. "ತಾಯಿ ಕೈಲೇ ಆಗ್ಲಿ" ಎಂದರು. ಮುಂದೆ ಇದನ್ನು ಹೇಳುವಾಗ ದೊಡ್ಡವ್ವ ನಗುತ್ತಿದ್ದಳು. "ಪಾಪ, ಕೈಯಾಗ ಬೈಬಲ್ ಇತ್ತಲ್ಲ, ಕತ್ತರಿ ಎಲ್ಲಿ ಹಿಡೀತಾನ?"

ಆಕೆಯೇ ಕತ್ತರಿಸಿದಳು. ಅಂದೇ ಸಂಜೆ ಹುಡುಗಿಗೆ ಕೆಳಗೆ ರಕ್ತ ಹೋಯಿತು.

ಆ ಜ್ವರದಲ್ಲಿ ಕರುಳು ಹುಣ್ಣಾಗಿ ಹಾಗಾಗುವುದುಂಟು ಎಂದು ಡಾಕ್ಟರರು ಆಮೇಲೆ ಹೇಳಿದರು. ಆಮೇಲೆ ಹೇಳುವುದು ಯಾರಿಗಾದರೂ ಸುಲಭ. ಆ ಸಂಜೆ ಎಸ್ತೇರಳ ಕೈಕಾಲು ತಣ್ಣಗಾಗುತ್ತಿದ್ದವು. ಉದ್ದವ್ವ ಭಂಡಾರದ ತಟ್ಟೆ ಹಿಡಿದು ಹಾಸಿಗೆಯ ಬಾಜೂ ಕೂತಿದ್ದಳು.

"ಕೊಟ್ಟೆ ಅನ್ನು. ಒಂದ ಮಾತು. ಹಣಿಗೆ ಭಂಡಾರ ಹಚ್ಚತೇನಿ, ಹುಡುಗಿ ಎದ್ದ ಕೂಡ್ತಾಳ."

ಕೇದಾರಿ ಗೋಡೆಗೆ ಹಣೆ ಹಚ್ಚಿ ಅಳುತ್ತಿದ್ದ. "ಅಂದಬಿಡ. ಹೆಂಗರ ಇರ್ಲಿ, ಜೀವಂತ ಇರ್ಲಿ" ಎಂದ.

ದೊಡ್ಡವ್ವನಿಗೆ ಮಗಳ ಮುಖ ಕಾಣಲಿಲ್ಲ. ಹಾಸಿಗೆಯಲ್ಲಿ ಕಂಡದ್ದು ಯಮನವ್ವನ ಮುಖ, ಸಾಯುವ ಹೊತ್ತಿನ ಮುಖ. ಅತ್ತೆಯನ್ನೂ ಗಂಡನನ್ನೂ ಹೊರಗೆ ದಬ್ಬಿ ಅಗಳಿ ಹಾಕಿದಳು. ಮಗಳ ಪಾದಗಳನ್ನು ಎದೆಗೆ ಒತ್ತಿಕೊಂಡು, ಹೊರಗಿದ್ದವರಿಗೂ ಕೇಳುವಂತೆ ಕೂಗಿದಳು: "ಯೇಸುಸ್ವಾಮಿ, ನೀನ ತಗೊಂಡ ಹೋಗು. ಸತ್ತರ ನಿನ್ನ ಹಂತೇಕ ಇರ್ತಾಳ. ಆಕಿ ಕೈಗೆ ಮಾತ್ರ ಕೊಡಬ್ಯಾಡ!"

ಮಗಳು ಕಣ್ಣು ಮುಚ್ಚಿದ್ದಳು. ಬೆಳಗಾಗುವಷ್ಟರಲ್ಲಿ ರಕ್ತ ನಿಂತಿತು, ಪಾದ ಬೆಚ್ಚಗಾದವು. ನಿಧಾನಕ್ಕೆ ಜ್ವರವೂ ಇಳಿಯಿತು. ಪಾದ್ರಿ ಈ ಸಾಕ್ಷಿಯನ್ನು ಮೇಲವಂಕಿ, ಕೊಣ್ಣೂರ ಎಂದು ಹೋದಲ್ಲೆಲ್ಲ ಹೇಳಿದರು. ಕತ್ತರಿಯ ಸಂಗತಿ ಬಿಟ್ಟು.

ದೊಡ್ಡವ್ವ ಗೆದ್ದಳು ಎಂದು ಎಲ್ಲರೂ ತಿಳಿದೆವು. ಆದರೆ ಆಕೆ ಮಗಳ ಹಿಂದೆ ನೆರಳಾಗಿ ತಿರುಗಲು ಶುರು ಮಾಡಿದ್ದು ಅಂದಿನಿಂದಲೇ. ಎಸ್ತೇರ ನೀರಿಗೆ ಹೊರಟರೆ ತಾನೂ ಹೊರಡುವಳು, ಆಕೆ ಕೆಮ್ಮಿದರೆ ಕೈಯಲ್ಲಿದ್ದ ರೊಟ್ಟಿ ಬಿಟ್ಟು ಏಳುವಳು. ಪ್ರಾರ್ಥನಾ ಮನೆಯಲ್ಲಿ ಮುಂದಿನ ಸಾಲು ಬಿಟ್ಟು ಬಾಗಿಲ ಹತ್ತಿರ, ಮಗಳ ಸೆರಗು ಹಿಡಿದು ಕೂಡುವಳು. ಎಲ್ಲವ್ವನಿಗೆ ಇನ್ನೂ ಅಂಜುತ್ತೀಯಾ ಎಂದು ನಾನು ಒಮ್ಮೆ ಕೇಳಿದೆ.

"ಎಲ್ಲವ್ವಗ ಯಾಕ ಅಂಜಲಿ? ನಾ ಅಂಜೂದು ಯೇಸುಸ್ವಾಮಿಗೆ. ತಗೊಂಡ ಹೋಗು ಅಂದೀನಿ. ಆಂವ ಇನ್ನಾ ತಗೊಂಡಿಲ್ಲ" ಎಂದಳು. ನಂಬಿದವರ ಭಯ ಎಂಥದೆಂದು ನಂಬದ ನನಗೆ ಅಂದೇ ತಿಳಿದದ್ದು.

ಎಸ್ತೇರಳನ್ನು ಹುಕ್ಕೇರಿಯ ಒಬ್ಬ ಕ್ರಿಸ್ತಿಯಾನ ಸಾಲಿ ಮಾಸ್ತರನಿಗೆ ಕೊಟ್ಟರು. ಅರವತ್ತಮೂರರಲ್ಲಿ ಆಕೆಯ ಹೆಣ್ಣುಕೂಸಿಗೆ ಜ್ವರ ಏರಿ ಸೆಳವು ಬರತೊಡಗಿತು. ಸುದ್ದಿ ಕೇಳಿ ದೊಡ್ಡವ್ವ, ನಾನು ಇಬ್ಬರೂ ಹೋದೆವು. ಕೂಸು ಉಳಿಯಿತು, ಈಗಲೇ ಹೇಳಿಬಿಡುತ್ತೇನೆ. ಓದುವವರ ಜೀವ ಹಿಂಡುವ ಚಟ ನನಗಿಲ್ಲ. ನಾನು ಹೇಳಬೇಕಾದದ್ದು ಬೇರೆ.

ಮಾಸ್ತರ ಡಾಕ್ಟರರನ್ನು ಕರೆತರಲು ಹೋಗಿದ್ದ. ದೊಡ್ಡವ್ವ ತೊಟ್ಟಿಲ ಪಕ್ಕ ಮೊಣಕಾಲೂರಿ ತುಟಿ ಆಡಿಸುತ್ತಿದ್ದಳು. ಎಸ್ತೇರ ಸ್ವಲ್ಪ ಹೊತ್ತು ನೋಡಿದಳು.

"ಮನಸಿನ್ಯಾಗ ಬ್ಯಾಡವ್ವಾ. ಜೋರಾಗಿ ಬೇಡ್ಕೊ. ಏನ ಬೇಡ್ಕೊಳ್ತಿ ಅಂತ ನನಗ ಕೇಳಬೇಕು."

"ಯಾಕ?" ಎಂದಳು ದೊಡ್ಡವ್ವ.

"ಆವತ್ತೂ ಕೇಳಿತ್ತು."

ದೊಡ್ಡವ್ವನ ತುಟಿ ನಿಂತವು.

"ತಗೊಂಡ ಹೋಗು ಅಂದಿ. ನನಗ ಸಾಯಾಕ ಮನಸಿರಲಿಲ್ಲವ್ವಾ. ಆಯಿ ಉದ್ದವ್ವನ ದೇವರನ್ನ ಕರದೆ. ಎಲ್ಲವ್ವಾ, ನನ್ನ ಉಳಸು, ನಾ ನಿನ್ನ ಕಡೆ ಬರ್ತೇನಿ ಅಂದೆ." ಎಸ್ತೇರಳ ಕಣ್ಣು ಕೂಸಿನ ಮೇಲಿತ್ತು. "ಉಳದೆ. ಇನ್ನಾ ಹೋಗಿಲ್ಲ."

ಹನ್ನೊಂದು ವರ್ಷ ದೊಡ್ಡವ್ವ ಒಬ್ಬನಿಗೇ ಅಂಜಿ ಬದುಕಿದ್ದಳು. ಈಗ ಬಾಗಿಲಲ್ಲಿ ಇಬ್ಬರು ನಿಂತಂತಾಯಿತು. ಮಗಳನ್ನು ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ತೊಟ್ಟಿಲಿನಲ್ಲಿ ಕೂಸಿನ ಕಾಲು ಮತ್ತೆ ಸೆಟೆಯತೊಡಗಿತು. ದೊಡ್ಡವ್ವ ಅದರ ಪಾದಗಳನ್ನು ಹಿಡಿದುಕೊಂಡು, ಮಗಳು ಕೇಳಿದ ಹಾಗೆ ಜೋರಾಗಿಯೇ ಶುರು ಮಾಡಿದಳು.

"ಯೇಸುಸ್ವಾಮಿ, ಈ ಕೂಸ ಬದುಕಲಿ. ಇಲ್ಲದಿದ್ದರ..."

ಎಸ್ತೇರ ತಾಯಿಯ ಬಾಯಿಗೆ ಅಂಗೈ ಒತ್ತಿದಳು. "ಇಲ್ಲದಿದ್ದರ ಅನ್ನೂದ ಬ್ಯಾಡ. ಅಷ್ಟಕ್ಕ ಸಾಕ ಮಾಡು" ಎಂದಳು.

ಅಂಗೈಯ ಕೆಳಗೆ ದೊಡ್ಡವ್ವನ ತುಟಿ ಆಡುತ್ತಲೇ ಇದ್ದವು. ಎಸ್ತೇರ ಕೈ ತೆಗೆಯಲಿಲ್ಲ.