ಯಾರೂ ಇಲ್ಲದ ಊರಿನ ಪಟ

ಬೆನಕಪ್ಪನನ್ನು ನಮ್ಮ ಶಿಕಾರಿಪುರದಲ್ಲಿ ಯಾರೂ ಖುಷಿಯಿಂದ ಕರೆದದ್ದಿಲ್ಲ. ಮೂರು ಕಾಲಿನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಅವನು ಒಂದು ಕೇರಿಗೆ ತಿರುಗಿದನೆಂದರೆ ಸಾಕು, ಬಾಗಿಲಲ್ಲಿ ನಿಂತ ಹೆಂಗಸರು "ಯಾರು ಹೋದ್ರೇ?" ಎಂದು ಪಕ್ಕದ ಮನೆಯವರನ್ನು ಕೇಳುತ್ತಿದ್ದರು. ಪಟ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಬದುಕಿದ್ದವರು ಅವನ ಅಂಗಡಿ ಮೆಟ್ಟಿಲು ಹತ್ತುವುದೇ ಅಪರೂಪ. ಜೀವ ಹೋದಮೇಲೆ ಹಣೆಗೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿ, ಹಾರ ಹಾಕಿ, "ಲಗೂನ ಬಾರೋ ಬೆನಕಪ್ಪ, ಮಣ್ಣು ಮಾಡೋ ಹೊತ್ತಾತು" ಎಂದು ಆಳು ಕಳಿಸುತ್ತಿದ್ದರು.

ನಾನು ಗೋಪಾಲಪ್ಪ. ಬಸ್ ನಿಲ್ದಾಣದ ಹತ್ತಿರ ಬಾಡಿಗೆ ಕಾರು ಓಡಿಸುತ್ತಿದ್ದವನು. ಕಾರು ಸಾಹುಕಾರರದು, ಅದಕ್ಕೆ ಬೀಳುವ ಬೈಗುಳ ಮಾತ್ರ ನನ್ನದು. ದೂರದ ಹಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ ಬೆನಕಪ್ಪನನ್ನು ಕೂರಿಸಿಕೊಂಡು ಹೋಗುವುದು ನನ್ನ ಪಾಲಿಗೆ ಬರುತ್ತಿತ್ತು. ಹಾಗೇ ನಮ್ಮಿಬ್ಬರ ಸ್ನೇಹ ಬೆಳೆಯಿತು, ಹೆಣಗಳ ದಯೆಯಿಂದ.

ಈ ಮನುಷ್ಯನಿಗೆ ಒಂದು ಹುಚ್ಚಿತ್ತು. ಹಾಳುಮನೆ ಕಂಡರೆ ಸಾಕು, "ನಿಲ್ಸೋ ನಿಲ್ಸೋ" ಎನ್ನುತ್ತಿದ್ದ. ಮಾಡು ಕುಸಿದ ಛತ್ರ, ಗೋಡೆಯೊಳಗೆ ಆಲದ ಬೇರು ಇಳಿದ ಗುಡಿ, ಜನ ಬಿಟ್ಟುಹೋದ ಊರು. ಮಲೇರಿಯಾ ಬಂದು ಜನ ಸತ್ತೋ ಓಡಿಯೋ ಬರಿದಾದ ಊರುಗಳು ಸೊರಬದ ಕಡೆಗೆ ಬೇಕಾದಷ್ಟಿದ್ದವು. ದೀಪ ಹಚ್ಚುವವರಿಲ್ಲದ ಊರನ್ನು ಸರ್ಕಾರದ ದಫ್ತರಿನಲ್ಲಿ ಬೇಚಿರಾಕ್ ಎಂದು ಬರೆಯುತ್ತಾರೆ. ಬೆನಕಪ್ಪ ಅಂಥ ಊರುಗಳನ್ನು ನೆಂಟರ ಮನೆಗಳ ಹಾಗೆ ನೆನಪಿಟ್ಟುಕೊಂಡಿದ್ದ. ಅವನ ಹೆಂಡತಿ ನೀಲಾಂಬಿಕ ನನ್ನೆದುರಿಗೇ ಹಂಗಿಸುತ್ತಿದ್ದಳು: "ಹೆಣ ಇಲ್ಲಾಂದ್ರೆ ಹಾಳುಮನಿ. ನನ್ನ ಕಟ್ಕೊಂಡಾಗ ಕಣ್ಣು ಎಲ್ಲಿಟ್ಟಿದ್ರೋ ಏನೋ!"

ಒಮ್ಮೆ ನಾನೂ ರೇಗಿ ಕೇಳಿದೆ, ಏನಿದೆ ಮಾರಾಯ ಆ ಮುರುಕು ಗೋಡೆಯಲ್ಲಿ ಎಂದು. ಅವನು ನಗಲಿಲ್ಲ. "ಮನುಷಾ ಸತ್ರೆ ಸುತ್ತ ಕುಂತು ಅಳೋರಿರ್ತಾರೆ ಗೋಪಾಲಪ್ಪ. ಮನಿ ಸತ್ರೆ ಯಾರದಾರೆ? ಅದ್ಕೊಂದು ಪಟನಾದ್ರೂ ಬ್ಯಾಡೇನು?" ಎಂದ.

ಐವತ್ತೆಂಟರ ಮಳೆ ಮುಗಿದಮೇಲೆ ಸಾಹುಕಾರರು ಧರ್ಮಸ್ಥಳಕ್ಕೆ ಹೋಗಿದ್ದ ಸಮಯ ನೋಡಿ ನಾವಿಬ್ಬರೂ ಕಾರು ಹೊರಡಿಸಿದೆವು. ಶಿರಾಳಕೊಪ್ಪ ದಾಟಿ ಒಂದು ಪಾಳುಬಿದ್ದ ಛತ್ರದ ಮುಂದೆ ಅರ್ಧ ದಿನ ಹೋಯಿತು. ಸೊರಬದಲ್ಲಿ ಚಹಾ ಕುಡಿದು, ಗುಡವಿಯ ಕೆರೆ ಏರಿಯ ಮೇಲೆ ಬುತ್ತಿ ಬಿಚ್ಚಿ ಮುಂದೆ ಹೋದೆವು. ಕ್ಯಾಸನೂರಿನ ಕಡೆಗೆ ತಿರುಗುವಾಗ ನಾನು ಕಾರು ನಿಲ್ಲಿಸಿ, ವಾಪಸ್ ಹೋಗೋಣ ಎಂದೆ. ಹಿಂದಿನ ವರ್ಷ ಅಲ್ಲಿ ಕಾಡಿನ ಮಂಗಗಳು ಸತ್ತು ಬಿದ್ದು, ಹಿಂದೆಯೇ ಜನಕ್ಕೆ ಜ್ವರ ಬಂದಿತ್ತು. ಮಂಗನ ಕಾಯಿಲೆ ಎಂದರೆ ಡಾಕ್ಟರರೂ ಹೆದರುತ್ತಿದ್ದ ಕಾಲ. "ಸತ್ರೆ ನಿನ್ನ ಪಟ ಪುಕ್ಸಟ್ಟೆ ತೆಗಿತೀನಿ ಬಾರೋ" ಎಂದು ಅವನು ಚೇಷ್ಟೆ ಮಾಡಿದ. ಅವನ ಬಾಯಿಗೆ ಮಣ್ಣು ಹಾಕ!

ಹೊನ್ನೆಗೋಡು ಎಂಬ ಆ ಊರು ಕಾಡಂಚಿನಲ್ಲಿ ಹಾಳು ಸುರಿಯುತ್ತಿತ್ತು. ಜ್ವರಕ್ಕೆ ಹೆದರಿ ಎಲ್ಲರೂ ಬಿಟ್ಟುಹೋಗಿದ್ದರು. ಒಂದು ಮನೆಯಲ್ಲಿ ಮಾತ್ರ ಹೊಗೆ ಏಳುತ್ತಿತ್ತು. ಬಾಗಿಲಿಗೆ ಬಂದವಳು ಬಂಗಾರಮ್ಮ ಎಂಬ ಮುದುಕಿ. ಗಂಡನೂ ಮೈದುನನೂ ಅದೇ ಜ್ವರದಲ್ಲಿ ಹೋಗಿದ್ದರು, ಮಕ್ಕಳಿರಲಿಲ್ಲ. "ಎಲ್ಲಿಗಂತ ಹೋಗಾದು? ಹಾಳೂರಿಗೆ ಉಳಿದೋನೇ ಗೌಡ ಅಂತಾರಲ್ಲ, ನಾನೇ ಇಲ್ಲಿ ಗೌಡ" ಎಂದು ನಕ್ಕಳು.

ನಮಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಅವಳು ಬೆನಕಪ್ಪನ ಕೊರಳಲ್ಲಿದ್ದ ಲಿಂಗದ ಕರಡಿಗೆ ನೋಡಿ ಹಿಂಜರಿದಳು. "ನೀವು ನಮ್ಮನೇಲಿ ಉಣ್ಣಾ ಜನ ಅಲ್ಲ" ಎಂದಳು. "ಹಸಿದೋನಿಗೆ ಯಾವ ಕುಲ ಬೇ, ಹಾಕು" ಎಂದು ಬೆನಕಪ್ಪ ಜಗಲಿಯ ಮೇಲೆ ಕೂತೇಬಿಟ್ಟ. ಗಂಜಿ, ಮೇಲೆ ಅಪ್ಪೆಮಿಡಿ ಉಪ್ಪಿನಕಾಯಿ. ಅವನು ಎರಡನೆಯ ಸಲ ಬಡಿಸಿಕೊಂಡಾಗ ಮುದುಕಿಯ ಕಣ್ಣು ತುಂಬಿತು. ಆ ಜಗಲಿಯ ಮೇಲೆ ಒಬ್ಬರು ಉಂಡು ಎಷ್ಟು ಕಾಲವಾಗಿತ್ತೋ.

ಊಟವಾದ ಮೇಲೆ ಅವನು ನಿನ್ನ ಮನೆಯ ಪಟ ತೆಗೆಯುತ್ತೇನೆ ಎಂದ. ಅಯ್ಯೋ, ಅವಳ ಸಡಗರ ನೋಡಬೇಕಿತ್ತು! ನೆಂಟರು ಬರುತ್ತಾರೆ ಎಂದರೆ ಹೆಂಗಸರು ಮಾಡುವುದನ್ನೆಲ್ಲ ಮಾಡಿದಳು. ಅಂಗಳ ಗುಡಿಸಿದಳು. ಹರಕು ಸೀರೆ ಒಣಹಾಕಿದ್ದು ಕಂಡರೆ ನಾಚಿಕೆ ಎಂದು ತೆಗೆದು ಒಳಗೆ ಹಾಕಿದಳು. ಕೋಳಿಗಳನ್ನು ಬುಟ್ಟಿಯ ಕೆಳಗೆ ಮುಚ್ಚಿದಳು. ಕೊಡ, ಒನಕೆ, ಕಟ್ಟಿಗೆ ರಾಶಿ, ಎಲ್ಲ ಹಿತ್ತಲಿಗೆ ಹೋಯಿತು. ಹೊಗೆ ಪಟಕ್ಕೆ ಅಡ್ಡ ಬರುತ್ತದೆಂದು ಒಲೆಗೆ ನೀರು ಹಾಕಿ ಬಂದಳು. ಬಾಗಿಲ ಬಳಿ ನಿಂತುಕೋ ಎಂದು ಬೆನಕಪ್ಪ ಒಂದು ಮಾತು ಕರೆದ. "ಬ್ಯಾಡ ತಮ್ಮ. ಗಂಡ ಸತ್ತೋಳು ನಾ, ಮನೆ ಪಟದಾಗೆ ಎದುರಿಗೆ ನಿಲ್ಲಬಾರ್ದು" ಎಂದು ಬಾಗಿಲು ಎಳೆದುಕೊಂಡು ಬಂದು ನನ್ನ ಪಕ್ಕ ನಿಂತಳು. ಬೆನಕಪ್ಪನೂ ಒತ್ತಾಯಿಸಲಿಲ್ಲ. ಅವನಿಗೆ ಬೇಕಾಗಿದ್ದದ್ದು ಬರೀ ಮನೆ.

ಆ ಪಟ ಅವನು ತೆಗೆದವುಗಳಲ್ಲೇ ಚೆಂದದ್ದು. ಸಂಜೆಯ ಬೆಳಕು, ಮುಚ್ಚಿದ ಬಾಗಿಲು, ಸುತ್ತಲೂ ಬಿದ್ದ ಮನೆಗಳು. ನೋಡಿದರೆ ಕರುಳು ಹಿಂಡುತ್ತಿತ್ತು. ಪಟದ ಹಿಂದೆ ತನ್ನ ಕೈಯಾರೆ "ಹೊನ್ನೆಗೋಡು, ಯಾರೂ ಇಲ್ಲದ ಊರು" ಎಂದು ಬರೆದು ಸಹಿ ಹಾಕಿದ್ದ. ಬರೆಯುವಾಗ ಮುದುಕಿಯ ನೆನಪಾಗಲಿಲ್ಲವೇನೋ ಎಂದು ನಾನು ಕೇಳಿದರೆ, "ಹಂಗ ಬರದ್ರ ಪಟಕ್ಕ ಒಪ್ತದಲೇ" ಎಂದ. ಅಂಗಡಿಯಲ್ಲಿ ತೂಗುಹಾಕಿದ್ದನ್ನು ಮರದ ವ್ಯಾಪಾರಿ ಪರಮಶಿವಪ್ಪ ಬಂದು ನೋಡಿ, ಆಹಾ ಓಹೋ ಎಂದು ಹೊಗಳಿದ. ಜನ್ಮದಲ್ಲಿ ಒಬ್ಬರೂ ಹೊಗಳದ ಪ್ರಾಣಿ ಬೆನಕಪ್ಪ. ಹಿಗ್ಗಿ ಹೀರೇಕಾಯಿಯಾಗಿ ಪಟವನ್ನು ಪುಕ್ಕಟೆ ಕೊಟ್ಟುಬಿಟ್ಟ.

ಮುಂದಿನ ಬೇಸಿಗೆಯಲ್ಲಿ ಬಂಗಾರಮ್ಮ ಬಸ್ಸು ಹತ್ತಿ, ಫೋಟೋದವನ ಅಂಗಡಿ ಎಲ್ಲಿ ಎಂದು ಕೇಳುತ್ತ ಶಿಕಾರಿಪುರಕ್ಕೆ ಬಂದಳು. ಹೊನ್ನೆಗೋಡು ಬೇಚಿರಾಕ್, ಆ ಜಮೀನು ತನಗೆ ಮಂಜೂರು ಮಾಡಿ ಎಂದು ಯಾರೋ ದರಖಾಸ್ತು ಹಾಕಿದ್ದಾರಂತೆ. ಮನೆ ಸತ್ತ ಮೈದುನನ ಹೆಸರಿನಲ್ಲಿತ್ತು. ಅವಳು ಅಲ್ಲಿ ವಾಸವಿದ್ದಾಳೆ ಎನ್ನುವುದೊಂದೇ ಅವಳ ಹಕ್ಕು. ಜ್ವರ ಬಂದಮೇಲೆ ಹೆದರಿ ಆ ಕಡೆ ಶಾನುಭೋಗರೂ ಕಾಲಿಟ್ಟಿರಲಿಲ್ಲ. "ನಾ ಅಲ್ಲಿರಾದು ಕಂಡೋರು ನೀವೇ ತಮ್ಮ. ಬಂದು ಒಂದು ಮಾತು ಹೇಳಿ" ಎಂದಳು. ದರಖಾಸ್ತು ಹಾಕಿದವನು ಯಾರು ಎಂದು ಬೆನಕಪ್ಪ ಕೇಳಿದ. ಪರಮಶಿವಪ್ಪ ಎಂದಳು. ಬೆನಕಪ್ಪ ಆ ಪಟ ತೂಗುತ್ತಿದ್ದ ಮೊಳೆಯ ಕಡೆ ನೋಡಿದ.

ವಿಚಾರಣೆಯ ದಿನ ನಾನೇ ಇಬ್ಬರನ್ನೂ ಕಾರಿನಲ್ಲಿ ಸೊರಬದ ಅಮಲ್ದಾರರ ಕಚೇರಿಗೆ ಕರೆದೊಯ್ದೆ. ಬೆನಕಪ್ಪ ಪ್ರಮಾಣ ಮಾಡಿ, "ಈಕಿ ಅಲ್ಲೇ ಇದ್ಳು ಸ್ವಾಮಿ, ನಾನು ಈಕಿ ಮನ್ಯಾಗ ಉಂಡೀನಿ" ಎಂದ. ಪರಮಶಿವಪ್ಪನ ವಕೀಲ ನಗುತ್ತ ಆ ಪಟ ತೆಗೆದು ಅಮಲ್ದಾರರ ಮುಂದಿಟ್ಟ. ಬಂಗಾರಮ್ಮ ಕತ್ತು ಚಾಚಿ ನೋಡಿದಳು. ತನ್ನ ಮನೆಯ ಪಟ ಅವಳು ನೋಡಿದ್ದು ಅದೇ ಮೊದಲು. "ಎಷ್ಟು ಚೆಂದ ಬಂದಿದೆ ತಮ್ಮ!" ಎಂದಳು. ನನಗೆ ಅಲ್ಲೇ ನೆಲ ಬಿರಿಯಬಾರದೇ ಎನ್ನಿಸಿತು.

ಒಲೆಯ ಹೊಗೆ ಎಲ್ಲಿದೆ, ಒಂದು ಕೊಡಪಾನವಾದರೂ ಇದೆಯೇ, ಒಂದು ಬಟ್ಟೆಯ ಚೂರಾದರೂ ಕಾಣುತ್ತದೆಯೇ ಎಂದು ವಕೀಲ ಒಂದೊಂದೇ ಕೇಳಿದ. ಅವಳೇ ಎಲ್ಲ ಒಳಗಿಟ್ಟಳು ಎಂದು ಬೆನಕಪ್ಪ ಹೇಳಿದರೆ ಕಚೇರಿಯ ಗುಮಾಸ್ತರೂ ನಕ್ಕರು. ನಾನು ತಡೆಯಲಾರದೆ ಎದ್ದುನಿಂತು "ನಾನೂ ಇದ್ದೆ ಸ್ವಾಮಿ" ಎಂದು ಕೂಗಿದೆ. ಸುಮ್ಮನೆ ಕೂರದಿದ್ದರೆ ಹೊರಗೆ ಹಾಕಿಸುತ್ತೇನೆ ಎಂದರು ಅಮಲ್ದಾರರು. ವಕೀಲ ಪಟ ತಿರುಗಿಸಿ ಹಿಂದಿನ ಬರಹವನ್ನು ಗಟ್ಟಿಯಾಗಿ ಓದಿದ. "ಈ ಸಹಿ ನಿಮ್ಮದೇ ತಾನೆ? ಅವತ್ತು ಬರೆದಿದ್ದು ಸುಳ್ಳೋ, ಇವತ್ತು ಪ್ರಮಾಣ ಮಾಡಿ ಹೇಳಿದ್ದು ಸುಳ್ಳೋ? ಸುಳ್ಳು ಸಾಕ್ಷಿಗೆ ಜೈಲು, ಗೊತ್ತಲ್ಲ?"

"ಬರದಿದ್ದೇ ಸುಳ್ಳು. ಜೈಲಿಗೆ ಹಾಕ್ರಿ, ಹೋಗ್ತೀನಿ" ಎಂದ ಬೆನಕಪ್ಪ.

ಅಮಲ್ದಾರರು ಕೆಟ್ಟವರಲ್ಲ. ಕನ್ನಡಕ ತೆಗೆದಿಟ್ಟು ಮುದುಕಿಯನ್ನೇ ಕೇಳಿದರು: "ನೀನು ಹೇಳಮ್ಮ. ಈ ಪಟ ತೆಗೆದ ದಿನ ನೀನು ಆ ಮನೆಯಲ್ಲಿ ವಾಸವಿದ್ದೆಯಾ?"

ಅವಳು ಹತ್ತಿರ ನಿಂತಿದ್ದ ಪೇದೆಯನ್ನು ಮೆಲ್ಲಗೆ ಕೇಳಿದಳು, "ಆ ತಮ್ಮನಿಗೆ ಜೈಲಾಗ್ತದಾ?" ಆಗುತ್ತದೆ ಎಂದು ಅವನು ತಲೆಯಾಡಿಸಿದ.

"ಇಲ್ಲ ಸ್ವಾಮಿ" ಎಂದಳು ಬಂಗಾರಮ್ಮ. "ನಾ ಆಗ್ಲೇ ಮನೆ ಬಿಟ್ಟಿದ್ದೆ. ಪಟದಾಗೆ ಇರಾದೇ ನಿಜ. ಈ ತಮ್ಮ ನನ್ ಕಷ್ಟ ನೋಡಲಾರ್ದೆ ಹಂಗಂದ. ಅವನ್ನ ಬಿಟ್ಬಿಡಿ."

ಬೆನಕಪ್ಪ ಚೀರಿದ. ಸುಳ್ಳು, ಸುಳ್ಳು ಎಂದು ಮೇಜು ಗುದ್ದಿದ. ಪೇದೆ ಅವನನ್ನು ಹೊರಗೆ ಎಳೆದುಕೊಂಡು ಬಂದ. ಅವಳು ತನ್ನ ಹೇಳಿಕೆಗೆ ಗುಮಾಸ್ತರು ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ, ಸೆರಗಿಗೆ ಬೆರಳು ಒರೆಸಿಕೊಳ್ಳುತ್ತ ಹಿಂದೆ ಬಂದಳು.

ಆಮೇಲೆಯೂ ಬೆನಕಪ್ಪ ಬಹಳ ವರ್ಷ ಬದುಕಿದ. ಹೆಣದ ಪಟ ತೆಗೆದ, ಕಾಲ ಬದಲಾದಂತೆ ಮದುವೆಯ ಪಟವನ್ನೂ ತೆಗೆದ. ದಾರಿಯಲ್ಲಿ ಹಾಳುಮನೆ ಬಂದರೆ ಮುಖ ತಿರುಗಿಸಿಕೊಳ್ಳುತ್ತಿದ್ದ. ಅವನ ಬಗ್ಗೆ ಯಾರು ಏನು ಕೇಳಿದರೂ ನನಗೆ ಮೊದಲು ನೆನಪಾಗುವುದು ಕಚೇರಿಯ ಹೊರಗಿನ ಆ ಹೊತ್ತು.

ಅವನು ಕಾರಿನ ಹಿಂದಿನ ಸೀಟಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. "ಯಾಕ ಹಂಗಂದಿ ಬೇ? ಯಾಕ?" ಎಂದು ಅದೊಂದನ್ನೇ ಕೇಳುತ್ತಿದ್ದ. ಬಂಗಾರಮ್ಮ ಅವನ ಬೆನ್ನು ಸವರಿದಳು. "ನನ್ನ ಕೈಯಾಗೆ ಉಂಡೋನ್ನ ಜೈಲಿಗೆ ಕಳಿಸ್ಲಾ ತಮ್ಮ? ಸುಮ್ನಿರು" ಎಂದಳು.

ನಾನು ಕಣ್ಣೊರೆಸಿಕೊಂಡು ಕಾರು ಚಾಲೂ ಮಾಡಿದೆ. ದಿನಾ ಹತ್ತು ಜನರನ್ನು ಕೇಳುವ ಮಾತು, ಬಾಯಿಗೆ ತಾನಾಗಿ ಬಂತು.

"ಎಲ್ಲಿಗೆ ಬಿಡ್ಲಿ ಅಮ್ಮ?"

ಅವಳು ಹೇಳಲೆಂದು ಬಾಯಿ ತೆರೆದಳು. ಆಮೇಲೆ ನನ್ನ ಮುಖ ನೋಡಿದಳು, ಬೆನಕಪ್ಪನನ್ನು ನೋಡಿದಳು. ಹೇಳಲು ಅವಳಿಗೆ ಊರಿರಲಿಲ್ಲ.