ಕಳ್ಳ ಬಿಟ್ಟುಹೋದ ಗಂಟಲು
ಅಮೆರಿಕದ ರಾಕ್‌ವಿಲ್ಲಿನ ಲ್ಯಾಬೊಂದರಲ್ಲಿ ಬ್ಯಾಕ್ಟೀರಿಯಾದ ವಿಷದ ಬೆನ್ನು ಹತ್ತಿರುವ ನೀಲಗಂಗಕ್ಕ ಬಾಯಿ ತೆರೆದರೆ ಪಾರ್ಕಿಂಗ್ ಲಾಟಿನ ಕಾರುಗಳೂ ಬೆಚ್ಚಿ ಅಲಾರ್ಮ್ ಹೊಡೆದುಕೊಳ್ಳುತ್ತವೆ. "ಬಾಗಲಕೋಟೆ ಗಂಟಲು" ಎಂದು ನಗುವ ಕನ್ನಡ ಸಂಘದವರು ಆಕೆ ವೇದಿಕೆ ಹತ್ತಿದೊಡನೆ ಮೈಕ್ ಆರಿಸಿಬಿಡುತ್ತಾರೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಸಾಕು, ಬೈಗುಳ ಶುರು: "ಏನಲೇ ಕಳ್ಳಾ, ಇವತ್ತ ಯಾರ ಮನಿಗೆ ಕನ್ನಾ ಹಾಕಿದಿ?" ಆ ವಿಷ ಮಾಡುವುದೂ ಅದನ್ನೇ: ಅದರ ಪ್ರೋಟೀನುಗಳು ಜೀವಕೋಶದ ಪೊರೆಯ ಮೇಲೆ ಉಂಗುರದಂತೆ ಗುಂಪುಗೂಡಿ ತೂತು ಕೊರೆಯುತ್ತವೆ, ಕೋಶ ಸೋರಿ ಸಾಯುತ್ತದೆ. ಜೊತೆಗೆ ಕೆಲಸ ಮಾಡುವ ಮೈಸೂರಿನ ಶ್ರಾವಣಿಗೆ ಈ ಕೂಗಾಟವೆಂದರೆ ಮುಜುಗರ. ಒಮ್ಮೆ ನೀಲಗಂಗಕ್ಕನ ಎಡಗಡೆಯಿಂದ ಬಾಗಿ, "ಅಕ್ಕಾ, ಸ್ವಲ್ಪ ಮೆಲ್ಲಗೆ, ಪಕ್ಕದ ರೂಮಲ್ಲಿ ಮೀಟಿಂಗ್ ನಡೀತಿದೆ" ಎಂದು ಪಿಸುಗುಟ್ಟಿದಳು. ಭುಜ ಮುಟ್ಟಿದ ಮೇಲಷ್ಟೇ ನೀಲಗಂಗಕ್ಕ ತಿರುಗಿದರು. "ಬಲಕ್ಕ ಬಾರವ್ವಾ. ಸಣ್ಣಾಕಿ ಇದ್ದಾಗ ಮೆದುಳಜ್ವರ ಬಂದಿತ್ತು. ಇದ ಕಳ್ಳ ಕಿವಿಯೊಳಗೂ ಕನ್ನಾ ಹಾಕಿ ಎಡಗಿವಿ ಪೂರಾ ಒಯ್ದಾನ, ಬಲಗಿವಿ ಅರ್ಧಾ." ಶ್ರಾವಣಿ ಸುತ್ತಿ ಬಂದು ಬಲಕ್ಕೆ ನಿಂತಳು. ನೀಲಗಂಗಕ್ಕ ಮತ್ತೆ ಮೈಕ್ರೋಸ್ಕೋಪಿಗೆ ಬಾಗಿ ಇನ್ನೂ ಜೋರಾಗಿ ಗುಡುಗಿದರು: "ಕಿವಿ ಒಯ್ದಿ, ಗಂಟಲಾ ಬಿಟ್ಟ ಹೋದಿ. ಅಲ್ಲೇ ಎಡವಿದಿ ಮಗನ!"