ನಾಲ್ಕನೆಯ ಪೋಲ್

ಈ ಬರಹದಲ್ಲಿ ಲೋಪಗಳಿದ್ದರೆ ಓದುಗರು ಮನ್ನಿಸಬೇಕು. ನಮ್ಮ ಮನೆಯಲ್ಲಿ ಪದವಿ ಪಡೆದವನು ನಾನೊಬ್ಬನೇ. ತಪ್ಪು ಮಾತನಾಡಿಬಿಟ್ಟರೆ ಎಂಬ ಅಂಜಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಅಪ್ಪ ಶೆಟಗೇರಿಯಿಂದ ದಿನವೂ ಬಸ್ಸು ಹಿಡಿದು ಬೈತಖೋಲ ಬಂದರಿನ ಸಣ್ಣ ಐಸ್ ಕಾರ್ಖಾನೆಗೆ ಹೋಗುತ್ತಿದ್ದರು. ಬೋಟುಗಳಿಗಾಗಿ ಐಸ್ ಪುಡಿಮಾಡುವ ಯಂತ್ರ ಅವರ ವಶದಲ್ಲಿತ್ತು. ಅಲ್ಲಿಗೆ ಜನರೇಟರ್ ತಂದಾಗ, ಲೈನಿನ ಕರೆಂಟಿನಿಂದ ಅದಕ್ಕೆ ಬದಲಿಸಲು ಯಾವ ಚೇಂಜ್‌ಓವರ್ ಸ್ವಿಚ್ ಬೇಕೆಂದು ತಿಳಿಸಲು, ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿದ್ದ ನನ್ನನ್ನು ಅಪ್ಪನೇ ಕರೆದೊಯ್ದರು.

ಉತ್ತರ ನನಗೆ ತಿಳಿದಿತ್ತು. ಆ ಜನರೇಟರಿನ ನ್ಯೂಟ್ರಲ್ಲಿಗೆ ಅದರದೇ ಅರ್ಥಿಂಗ್ ಇತ್ತು. ಲೈನಿನ ನ್ಯೂಟ್ರಲ್ಲಿಗೆ ಬೇರೆಯದು. ಆದ್ದರಿಂದ ಮೂರು ಫೇಸುಗಳೊಡನೆ ನ್ಯೂಟ್ರಲ್ಲನ್ನೂ ಬದಲಿಸುವ ನಾಲ್ಕು ಪೋಲಿನ ಸ್ವಿಚ್ಚೇ ಬೇಕು. ಇಲ್ಲವಾದರೆ ಎರಡೂ ನ್ಯೂಟ್ರಲ್ ಕೂಡಿಕೊಂಡು, ಹಿಂದಿರುಗುವ ಕರೆಂಟಿನ ಒಂದು ಪಾಲು ನೆಲದ ಮೂಲಕ ಹರಿಯುತ್ತದೆ. ಶಾಕ್ ತಡೆಯುವ ಇಎಲ್‌ಸಿಬಿ ವಿನಾಕಾರಣ ಟ್ರಿಪ್ ಆಗಿ ಕರೆಂಟು ಕಡಿಯುತ್ತದೆ.

"ಫೇಸ್ ಮೂರೇ ಅಲ್ದಾ? ನಾಲ್ಕನೇದು ಎಂತಕ್ಕೆ, ಇಂಜಿನಿಯರ್ ಸಾಹೇಬ್ರೆ?" ಎಂದರು ಮಾಲೀಕರು.

ನಾನು ಕಲಿತದ್ದು ಇಂಗ್ಲಿಷಿನ ಬಾಯಿಪಾಠ. ಅದನ್ನು ಕನ್ನಡಕ್ಕೆ ತರಲು ತಡವರಿಸುತ್ತಿರುವಾಗಲೇ ಐಸ್ ಹೊರುವವನೊಬ್ಬ, "ನಾಲ್ಕನೇದು ದೇವ್ರ ಪಾಲಾ, ತಮಾ?" ಎಂದ. ಎಲ್ಲರೂ ನಕ್ಕರು.

"ಮೂರು ಪೋಲ್ ಸಾಕು, ಸರ್," ಎಂದುಬಿಟ್ಟೆ.

ಜನರೇಟರ್ ಹಾಕಿದಾಗಲೆಲ್ಲ ಇಎಲ್‌ಸಿಬಿ ಟ್ರಿಪ್ ಆಯಿತು. ಜೊತೆಯವರು ಕೆಣಕಿದರೆ ಅಪ್ಪ, "ನಮ್ಮ ತಮ ಓದಿ ಹಾಕ್ಸಿದ ಸ್ವಿಚ್ಚು ಅದು. ಈ ಡಬ್ಬೀದೇ ದೋಷ," ಎಂದು ತಾವೇ ತಂತಿ ಜೋಡಿಸಿ, ಇಎಲ್‌ಸಿಬಿ ಕೆಲಸ ಮಾಡದಂತೆ ಮಾಡಿದರು. ಮನೆಗೆ ಬಂದು ಅದನ್ನು ಹೆಮ್ಮೆಯಿಂದಲೇ ಹೇಳಿದರು. ನಾನು ತಲೆಯೆತ್ತದೆ ಊಟ ಮುಂದುವರಿಸಿದೆ.

ಕಬ್ಬಿಣ ಮುಟ್ಟುವ ಮೊದಲು ಹಿಂಗೈ ತಾಗಿಸಿ ನೋಡುವುದು ಅಪ್ಪನ ರೂಢಿ. ಅಂಗೈ ಇಟ್ಟರೆ ಕರೆಂಟು ಹಿಡಿದುಕೊಳ್ಳುತ್ತದೆ, ಹಿಂಗೈ ಇಟ್ಟರೆ ಬಿಸಾಡುತ್ತದೆ ಎನ್ನುತ್ತಿದ್ದರು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದ ವಾರ, ಉಪ್ಪುನೀರು ಹೊಕ್ಕ ಮೋಟಾರಿನಿಂದ ಯಂತ್ರದ ಮೈಗೆ ಕರೆಂಟು ಬಂತು. ಯಂತ್ರದ ಅರ್ಥಿಂಗ್ ತಂತಿಯನ್ನು ತುಕ್ಕು ಆಗಲೇ ತಿಂದಿತ್ತು, ಕರೆಂಟು ಕಡಿಯಲು ಇಎಲ್‌ಸಿಬಿಯೂ ಇರಲಿಲ್ಲ. ಹಿಂಗೈ ಅಪ್ಪನ ಜೀವ ಉಳಿಸಿತು. ಆದರೆ ಎಸೆದ ರಭಸಕ್ಕೆ ಸಿಮೆಂಟು ಕಟ್ಟೆಯ ಮೇಲೆ ಬಿದ್ದು ಬಲಭುಜ ಮುರಿಯಿತು.

ಆಸ್ಪತ್ರೆಯಲ್ಲಿ ಅವರೇ ನನ್ನನ್ನು ಸಂತೈಸಿದರು. "ತಂತಿ ಕಟ್ಟಿದ್ದು ನಾನು. ನಿಂದೆಂತಾ ತಪ್ಪಿಲ್ಲ, ತಮಾ."

"ನಾಲ್ಕು ಪೋಲಿಂದೇ ಹಾಕ್ಬೇಕಿತ್ತು, ಅಪ್ಪ."

"ಆವಾಗ್ಲೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಅಪ್ಪ ಗೋಡೆಯತ್ತ ಮುಖ ತಿರುಗಿಸಿದರು.

ಅವರ ಬಲಗೈ ಈಗ ಎದೆಯಿಂದ ಮೇಲೇಳುವುದಿಲ್ಲ. ಆ ಕೆಲಸ ಹೋಯಿತು. ಆಯಿ, ನನ್ನಮ್ಮ, ಬೈತಖೋಲಕ್ಕೆ ಸಿಗಡಿ ಸುಲಿಯಲು ಹೋಗುತ್ತಾಳೆ. ಪಿಯುಸಿಗೆ ಓದು ನಿಲ್ಲಿಸಿದ ತಂಗಿ ಶಿರವಾಡದ ಅಂಗಡಿಯೊಂದರಲ್ಲಿ ದುಡಿಯುತ್ತಾಳೆ. ಮನೆಯಲ್ಲಿ ಒಂದು ಬಲ್ಬು ಉರಿಯದಿದ್ದರೂ ಅಪ್ಪ ನನಗೆ ಹೇಳುವುದಿಲ್ಲ. ಊರಿನ ವೈರ್‌ಮನ್‌ನನ್ನು ಕರೆಸುತ್ತಾರೆ.